ಕೀ ಬಿಟ್ಟಾಗ ಮಾತ್ರ ಹಿಡಿಯುತ್ತಿದ್ದ ಎಂಜಿನ್

ಹಳೆ ಕಾರ್ಬುರೇಟರ್ ಕಾರಿಗೆ ಇಂಜೆಕ್ಷನ್ ಎಂಜಿನ್, ಅದನ್ನು ನಡೆಸುವ ಕಂಪ್ಯೂಟರ್ ಅಂದರೆ ಇಸಿಯು ಕೂರಿಸಿದ ಮೇಲೆ ಈ ತೊಂದರೆ ಶುರುವಾಯಿತು. ಸ್ಟಾರ್ಟರ್ ಚೆನ್ನಾಗಿ ಸುತ್ತುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕೀ ಬಿಟ್ಟ ಕ್ಷಣ ಮಾತ್ರ ಒಮ್ಮೊಮ್ಮೆ ಭುರ್ ಅಂತ ಹಿಡಿಯುತ್ತದೆ.

ಕಲಬುರಗಿಯ ಗ್ಯಾರೇಜಿನಲ್ಲಿ ಬ್ಯಾಟರಿ, ಪ್ಲಗ್, ಕ್ರ್ಯಾಂಕ್ ಸೆನ್ಸರ್, ಪೆಟ್ರೋಲ್ ಪಂಪ್ ಎಲ್ಲ ಬದಲಿಸಿದೆವು. ಸುಮ್ನೆ ದುಡ್ಡು ಹೋಯಿತು.

ಕೊನೆಗೆ ಇಸಿಯುಗೆ ಹೋಗುವ ಇಗ್ನಿಷನ್ ವೈರಿಗೆ ಮಲ್ಟಿಮೀಟರ್ ಹಿಡಿದು ಕೀ ತಿರುಗಿಸಿದೆ. 12.4 ವೋಲ್ಟ್ ಇದ್ದದ್ದು ಸ್ಟಾರ್ಟ್ ಮಾಡುವಾಗ ಸೊನ್ನೆ! ವೈರನ್ನು ಸ್ಟೀರಿಯೋ ಲೈನಿಗೆ ಸೇರಿಸಿದ್ದೆವು. ಸ್ಟಾರ್ಟರ್ ಸುತ್ತುವಾಗ ಆ ಲೈನ್ ಕಟ್ ಆಗುತ್ತದೆ, ಕೀ ಬಿಟ್ಟಾಗ ಮತ್ತೆ ಬರುತ್ತದೆ. ಅದಕ್ಕೇ ಎಂಜಿನ್ ಆಗ ಮಾತ್ರ ಹಿಡಿಯುತ್ತಿತ್ತು.

ಮೊದಲು ಬ್ಯಾಟರಿ ಮೈನಸ್ ಬಿಚ್ಚಿದೆ. ಕೀ ಆನ್, ಸ್ಟಾರ್ಟ್ ಎರಡರಲ್ಲಿದ್ದಾಗಲೂ ಕರೆಂಟ್ ಇರುವ ವೈರನ್ನು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) 86ನೇ ಪಿನ್ನಿಗೆ ಕೊಟ್ಟೆ. 85 ಅರ್ತ್‌ಗೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್. 87ರಿಂದ ಇಸಿಯುಗೆ. ಈಗ ಸ್ಟಾರ್ಟ್ ಮಾಡುವಾಗಲೂ 10.8 ವೋಲ್ಟ್ ನಿಲ್ಲುತ್ತದೆ.