ಮರಿಯ ಹಲ್ಲಿಗೆ ಹಳೇ ಟವೆಲ್

ಕೋಲಾರದ ಟೊಮೆಟೊ ಮಂಡಿಯಿಂದ ನಮ್ಮವರು ನಾಯಿಮರಿ ಕೆಂಚನನ್ನು ತಂದಾಗ ಮಗಳಿಗೆ ಎರಡು ವರ್ಷ. ಅವಳು ಓಡಿದರೆ ಸಾಕು, ಲಂಗದ ಅಂಚು ಮರಿಯ ಬಾಯಲ್ಲಿ. ಹೊಡೆಯಬೇಡಿ, ಪಾಪ. ಹೆದರಿದ ಮರಿ ಇನ್ನೂ ಜಾಸ್ತಿ ಕಚ್ಚಬಹುದು. ಹಳೇ ಟವೆಲ್ ತುಂಡನ್ನು ನೆನೆಸಿ, ಹಿಂಡಿ, ಗಂಟು ಹಾಕಿ ಫ್ರೀಜರಿನಲ್ಲಿಡಿ. ಹಲ್ಲು ತಾಗಿದ ಕೂಡಲೇ ಕೈ ಅಲ್ಲಾಡಿಸದೆ ಆ ಗಂಟು ಕೊಡಿ. ಕೆಂಚ ಅದನ್ನು ಮುಂಗಾಲಲ್ಲಿ ಒತ್ತಿಹಿಡಿದು, ಕಣ್ಣು ಮುಚ್ಚಿ ಅಗಿಯುತ್ತಿದ್ದ. ಮತ್ತೆ ಕಚ್ಚಿತಾ? ಸುಮ್ನೆ ಎದ್ದು ಹೋಗಿ, ಅರ್ಧ ನಿಮಿಷ ಆಟ ಬಂದ್. ಸಂಜೆ ಕಚ್ಚಾಟ ಹೆಚ್ಚಾದರೆ ಬಹುಶಃ ನಿದ್ದೆ ಸಾಲದು, ಮಲಗಿಸಿ. ಮಗುವಿಗೆ "ಓಡಬೇಡ, ಕಂಬದ ಥರ ನಿಲ್ಲು" ಅಂತ ಕಲಿಸಿ. ಒಲೆ ಮೇಲೆ ಹಾಲಿದ್ದರೂ ಸರಿ, ಇಬ್ಬರನ್ನೇ ಬಿಟ್ಟು ಹೋಗಬೇಡಿ. ಚರ್ಮ ತರಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ.