ಆಯಿಲ್ ಚೇಂಬರ್ ಸೋರಿಕೆ: ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ರಾತ್ರಿ ನಿಲ್ಲಿಸಿದ್ದ ಕಾರನ್ನು ಬೆಳಿಗ್ಗೆ ಹೊರತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ ಕಂಡರೆ, ಚೇಂಬರ್ ಸೋರುತ್ತಿದೆ ಎಂದು ನಾವು ಕೂಡಲೇ ತೀರ್ಮಾನಿಸಿಬಿಡುತ್ತೇವೆ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯಂಥ ಭಾಗಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎಂದೂ ಸಂಪ್ ಎಂದೂ ಹೆಸರಿದೆ. ಅದು ಎಲ್ಲಕ್ಕಿಂತ ಕೆಳಗಿರುವುದರಿಂದ, ಮೇಲೆ ಟ್ಯಾಪೆಟ್ ಕವರಿನ (ಎಂಜಿನ್ನಿನ ತಲೆಯ ಮುಚ್ಚಳದ) ಪ್ಯಾಕಿಂಗ್, ಎಂದರೆ ಸಂದಿ ಮುಚ್ಚುವ ಪಟ್ಟಿ, ಹೋಗಿದ್ದರೂ, ಆಯಿಲ್ ಫಿಲ್ಟರ್ ಸಡಿಲವಾಗಿದ್ದರೂ, ಆಯಿಲಿನ ಒತ್ತಡ ಗುರುತಿಸುವ ಪ್ರೆಶರ್ ಸ್ವಿಚ್ಚಿನ ಬುಡದಲ್ಲಿ ಜಿನುಗುತ್ತಿದ್ದರೂ, ಆಯಿಲ್ ಇಳಿದು ಬಂದು ಕೊನೆಗೆ ಚೇಂಬರಿನ ಅಂಚಿನಿಂದಲೇ ತೊಟ್ಟಿಕ್ಕುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಮೊದಲು ಬೇಕಾಗುವುದು ಸ್ಪ್ಯಾನರ್ ಅಲ್ಲ, ಚಿಂದಿ ಬಟ್ಟೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತಳಭಾಗವನ್ನೂ ಅದರ ಮೇಲಿನ ಬ್ಲಾಕಿನ, ಎಂದರೆ ಎಂಜಿನ್ನಿನ ಮುಖ್ಯ ಒಡಲಿನ, ಬದಿಗಳನ್ನೂ ಜಿಡ್ಡು ತೆಗೆಯುವ ಡೀಗ್ರೀಸರಿನಿಂದ ತೊಳೆದು, ಒರೆಸಿ, ಒಣಗಿಸಬೇಕು. ಒಣಗಿದ ಜಾಗಕ್ಕೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಬಿಳಿ ಪುಡಿಯ ಮೇಲೆ ಆಯಿಲ್ ಹರಿದ ಗೆರೆ ಕಾಣುತ್ತದೆ. ಆ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿ, ಅದು ಆರಂಭವಾಗುವ ಎತ್ತರದ ಬಿಂದುವನ್ನು ಹುಡುಕಬೇಕು. ಸೋರಿಕೆ ಇರುವುದು ಅಲ್ಲಿ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಿಂದ ಆಯಿಲ್ ಬರುತ್ತಿದ್ದರೆ ಅದು ಬಹುಮಟ್ಟಿಗೆ ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಹಿಂಬದಿಯ ಸೀಲಿನದು. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕಾಗುವುದರಿಂದ ಮನೆಯಲ್ಲಿ ಕೈಹಾಕದಿರುವುದೇ ಒಳ್ಳೆಯದು.

ಹನಿ ಡ್ರೈನ್ ಬೋಲ್ಟಿನ ತಲೆಯಲ್ಲೇ ನೇತಾಡುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಎನ್ನಬಹುದು. ಬೋಲ್ಟಿನ ಕೆಳಗಿರುವ ತಾಮ್ರದ ಅಥವಾ ಅಲ್ಯೂಮಿನಿಯಂನ ವಾಷರ್ ಒಮ್ಮೆ ಒತ್ತಿಕೊಂಡು ಕೂತರೆ ಮತ್ತೆ ಅಷ್ಟೇ ಚೆನ್ನಾಗಿ ಕೂರುವುದಿಲ್ಲ. ಆದರೂ ಆಯಿಲ್ ಬದಲಿಸುವಾಗ ಹಳೆಯದನ್ನೇ ಮರಳಿ ಹಾಕುವ ರೂಢಿ ಎಲ್ಲ ಕಡೆಯೂ ಇದೆ. ಆಯಿಲ್ ಇಳಿಸಿ, ಹೊಸ ವಾಷರ್ ಹಾಕಿ, ಕಾರಿನ ಪುಸ್ತಕದಲ್ಲಿ ಹೇಳಿದ ಅಳತೆಗೆ ಬೋಲ್ಟನ್ನು ಬಿಗಿದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಈ ಬಿಗಿತ 30ರಿಂದ 40 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ.

ಅಂಚಿನುದ್ದಕ್ಕೂ ಜಿನುಗುತ್ತಿದ್ದರೆ ಮಾತ್ರ ಚೇಂಬರ್ ಇಳಿಸಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆಗಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಎರಡು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರೀ ಜಾಕಿನ ನಂಬಿಕೆಯ ಮೇಲೆ ಕಾರಿನಡಿಗೆ ತಲೆ ಹಾಕಬಾರದು. ಇಟ್ಟಿಗೆಯನ್ನಾಗಲಿ, ಮನೆ ಕಟ್ಟುವ ಸಿಮೆಂಟ್ ಬ್ಲಾಕನ್ನಾಗಲಿ ಆಸರೆಗೆ ಇಡಲೇಬಾರದು, ಏಕೆಂದರೆ ಅವು ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆಯುತ್ತವೆ. ಸೈಲೆನ್ಸರ್ ಪೈಪ್ ಅಥವಾ ಅಡ್ಡಪಟ್ಟಿ ಚೇಂಬರಿಗೆ ಅಡ್ಡ ಬರುವ ಕಾರುಗಳಲ್ಲಿ ಅವನ್ನೂ ಬಿಚ್ಚಬೇಕಾಗುತ್ತದೆ. ಎಂಜಿನ್ನಿಗೇ ಆಸರೆ ಕೊಡಬೇಕಾದ ಸ್ಥಿತಿ ಬಂದರೆ ಗ್ಯಾರೇಜಿಗೆ ಒಪ್ಪಿಸುವುದು ಲೇಸು.

ಆಯಿಲ್ ಇಳಿಸಿದ ಮೇಲೆ ಅಂಚಿನ ಸಣ್ಣ ಬೋಲ್ಟುಗಳನ್ನು ಬಿಚ್ಚಬೇಕು. ಇವುಗಳಿಗೆ ಸಾಮಾನ್ಯವಾಗಿ 10ನೇ ನಂಬರಿನ ಸ್ಪ್ಯಾನರ್ ಸಾಕು. ಎದುರುಬದುರಿನ ಎರಡನ್ನು ಕೊನೆಗೆ ಉಳಿಸಿಕೊಂಡರೆ ಚೇಂಬರ್ ಮುಖದ ಮೇಲೆ ಬೀಳುವುದಿಲ್ಲ. ಮಾರುತಿಯ ಹಲವು ಸಣ್ಣ ಕಾರುಗಳೂ ಸೇರಿದಂತೆ ಇಂದಿನ ಅನೇಕ ಎಂಜಿನ್‌ಗಳಲ್ಲಿ ಇಲ್ಲಿ ಪ್ಯಾಕಿಂಗ್ ಇರದೆ ಸಿಲಿಕಾನ್ ಗಂ ಮಾತ್ರ ಇರುವುದರಿಂದ, ಬೋಲ್ಟು ತೆಗೆದರೂ ಚೇಂಬರ್ ಕಚ್ಚಿಕೊಂಡೇ ಇರುತ್ತದೆ. ಆಗ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರೆ ಅಂಚಿನಲ್ಲಿ ಗೀರು ಬಿದ್ದು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಗೋಡೆಗೆ ಪುಟ್ಟಿ ಹಚ್ಚುವ ತೆಳು ಪಟ್ಟಿಯನ್ನು ಸಂದಿಗೆ ಒತ್ತಿ, ಅಂಚಿನುದ್ದಕ್ಕೂ ಗಂ ಕತ್ತರಿಸುತ್ತ ಹೋಗಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅದು ಬಿಟ್ಟುಕೊಳ್ಳುತ್ತದೆ.

ಮೊದಲ ಸಲ ಈ ಸಮಸ್ಯೆ ಎದುರಾದಾಗ ನಾನು ಚೇಂಬರ್ ಇಳಿಸುವ ಗೋಜಿಗೆ ಹೋಗದೆ, ಇನ್ನೊಂದು ಸುತ್ತು ಬಿಗಿದರೆ ನಿಂತೀತೆಂದು ಉದ್ದ ಹಿಡಿಯ ಸ್ಪ್ಯಾನರಿನಿಂದ ಬೋಲ್ಟುಗಳನ್ನು ಜಗ್ಗಿ ಬಿಗಿದಿದ್ದೆ. ವಾರದೊಳಗೆ ಹನಿ ಹೋಗಿ ಧಾರೆಯಾಯಿತು. ಇಳಿಸಿ ನೋಡಿದರೆ ತಗಡಿನ ಅಂಚು ಪ್ರತಿ ಬೋಲ್ಟಿನ ತೂತಿನ ಸುತ್ತಲೂ ಪುಟ್ಟ ಪಡ್ಡಿನಂತೆ ಬ್ಲಾಕಿನ ಕಡೆಗೆ ಉಬ್ಬಿ, ಎರಡು ತೂತುಗಳ ನಡುವೆ ಉಗುರು ಹೋಗುವಷ್ಟು ಸಂದಿಯಾಗಿತ್ತು. ಅಂಥ ಉಬ್ಬುಗಳನ್ನು ಸಪಾಟಾದ ಮರದ ತುಂಡಿನ ಮೇಲಿಟ್ಟು, ಬ್ಲಾಕಿಗೆ ತಾಗುವ ಮುಖದಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡಬೇಕು. ಕಲ್ಲು ತಾಗಿ ಚೇಂಬರ್ ಸೀಳಿದ್ದರೆ ಎಂ-ಸೀಲ್ ಊರು ಮುಟ್ಟಿಸುವ ತಾತ್ಕಾಲಿಕ ಉಪಾಯವಷ್ಟೇ. ಹೊಸದನ್ನು ಹಾಕಿಸುವುದೇ ಸರಿ.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಶುಚಿ ಮಾಡುವ ಹಂತ. ಹಳೆಯ ಗಂ ಎರಡೂ ಮುಖಗಳಿಂದ ಚೂರೂ ಉಳಿಯದಂತೆ ಹೋಗಬೇಕು; ಬ್ಲಾಕು ಅಲ್ಯೂಮಿನಿಯಂನದಾದರೆ ಕಬ್ಬಿಣದ ಬ್ರಷ್ ಬಳಸಬಾರದು. ಎಂಜಿನ್ನಿನ ಒಳಗಿಂದ ಗಂಟೆಗಟ್ಟಲೆ ಹನಿ ಇಳಿಯುತ್ತಲೇ ಇರುತ್ತದೆ ಮತ್ತು ಎಣ್ಣೆಯ ಪಸೆ ಇರುವ ಮುಖಕ್ಕೆ ಯಾವ ಗಂ ಕೂಡ ಹಿಡಿಯುವುದಿಲ್ಲ. ಆದ್ದರಿಂದ ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಬ್ರೇಕ್ ಕ್ಲೀನರಿನಿಂದ ಒರೆಸಿ ಮುಂದುವರಿಯುವುದು ನನ್ನ ಪದ್ಧತಿ. ಆ ನಡುವೆ ಆಯಿಲ್ ಹೀರುವ ಜಾಲರಿಯಲ್ಲಿ ಕಸ ಸೇರಿದೆಯೇ ಎಂದೂ ನೋಡಿಕೊಳ್ಳಬಹುದು.

ಅನಾಬಾಂಡಿನಂಥ, ಆಯಿಲ್ ತಡೆಯುವ ಸಿಲಿಕಾನ್ ಗಂ ಅನ್ನು ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಎಳೆಯಾಗಿ, ಎಲ್ಲೂ ತುಂಡಾಗದಂತೆ, ತೂತುಗಳ ಒಳಬದಿಯಿಂದ ಹಾಯಿಸಿ ಎಳೆಯಬೇಕು. ಜಾಸ್ತಿ ಹಚ್ಚಿದರೆ ಹೆಚ್ಚಾದದ್ದು ಒಳಕ್ಕೆ ಇಳಿದು, ಮುಂದೊಂದು ದಿನ ಕಿತ್ತು ಜಾಲರಿಗೆ ಅಡರಿಕೊಳ್ಳುತ್ತದೆ. ಆಗ ಹೋಗುವುದು ಎಂಜಿನ್. ಗಂ ಮೇಲೆ ಕೆನೆ ಕಟ್ಟುವ ಮೊದಲೇ ಚೇಂಬರನ್ನು ಎತ್ತಿ ಕೂರಿಸಿ, ಎಲ್ಲ ಬೋಲ್ಟುಗಳನ್ನೂ ಕೈಯಿಂದ ಹಿಡಿಸಿ, ನಡುವಿನಿಂದ ತುದಿಗಳ ಕಡೆಗೆ ಅಡ್ಡಡ್ಡವಾಗಿ, ಎರಡು ಸುತ್ತಿನಲ್ಲಿ ಬಿಗಿಯಬೇಕು. ಇವುಗಳಿಗೆ 10 ನ್ಯೂಟನ್ ಮೀಟರಿನ ಆಸುಪಾಸು ಸಾಕು, ಎಂದರೆ ಗಿಡ್ಡ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದಷ್ಟೇ ತಿರುಗಿಸಿದಷ್ಟು.

ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು, ಸಾಧ್ಯವಾದರೆ 24 ಗಂಟೆ, ಒಣಗಲು ಬಿಟ್ಟು ಆಮೇಲೆ ಹೊಸ ಆಯಿಲ್ ತುಂಬಬೇಕು. ಎಂಜಿನ್ ಚಾಲೂ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ದೀಪ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಬೇಕು. ಐದು ನಿಮಿಷ ಓಡಿಸಿ, ನಿಲ್ಲಿಸಿ, ಕಾರನ್ನು ಸ್ಟ್ಯಾಂಡಿನಿಂದ ಸಮತಟ್ಟಾದ ನೆಲಕ್ಕಿಳಿಸಿ, ಇನ್ನೈದು ನಿಮಿಷ ಕಾದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡಬೇಕು.

ಇಳಿಸಿದ ಹಳೆಯ ಆಯಿಲನ್ನು ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಗಳಿಗೆ ಬಳಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು, ಆದರೆ ಅದು ಮಣ್ಣಿಗೂ ಬಾವಿಯ ನೀರಿಗೂ ವಿಷ. ಚರ್ಮಕ್ಕೂ ಕೇಡಾದ್ದರಿಂದ ಕೈಗವಸು ಹಾಕಿಕೊಂಡೇ ಅದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ಇನ್ನು ಒಂದು ವಾರ ರಾತ್ರಿ ಹೊತ್ತು ಎಂಜಿನ್ನಿನಡಿ ಒಂದು ಅಗಲವಾದ ರಟ್ಟು ಹಾಸಿಟ್ಟು, ಪ್ರತಿ ಬೆಳಿಗ್ಗೆ ಅದನ್ನು ಎಳೆದು ನೋಡಿ. ಹನಿ ಬಿದ್ದಿದ್ದರೆ ಅದು ಯಾವ ಬೋಲ್ಟಿನ ನೇರಕ್ಕೆ ಬಿದ್ದಿದೆ ಎಂಬುದನ್ನೂ ಆ ರಟ್ಟೇ ತೋರಿಸುತ್ತದೆ.