ಅಮೆರಿಕದಲ್ಲಿ ಚಕಮಕಿ ಕೋವಿ ಹಿಡಿಯುವ ಮುನ್ನ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಚಿತ್ರದುರ್ಗದವರಿಗೆ ಒಂದು ಮಾತು. ಅಲ್ಲಿ ಕೈಯಲ್ಲೇ ತಯಾರಿಸಿದ ಚಕಮಕಿ ಕೋವಿಗಳಿಂದ ಗುರಿ ಹೊಡೆಯುವ ಸ್ನೇಹಕೂಟಗಳು ನಡೆಯುತ್ತವೆ. 1933ರಲ್ಲಿ ಹುಟ್ಟಿದ ಅವರ ರಾಷ್ಟ್ರೀಯ ಸಂಘದ ನೆಲೆ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರು. ಕೋಟೆಯ ಸಿಡಿಮದ್ದು ಬೀಸುವ ಕಲ್ಲು ನೋಡುತ್ತಾ ಬೆಳೆದ ನಮಗೆ ಇದು ಖಂಡಿತ ನೋಡಲೇಬೇಕಾದದ್ದು.

ಕರೆದರೆ ಹೋಗಿ, ಆದರೆ ಕನ್ನಡಕ, ಕಿವಿರಕ್ಷಕ ಇಲ್ಲದೆ ಬೇಡ. ಕೋವಿಯ ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿಕೊಂಡ ಸುತ್ತಿಗೆ, ಬಿದ್ದಾಗ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಮುಖದ ಹತ್ತಿರವೇ ಭಗ್ಗೆನ್ನುತ್ತದೆ, ಆಮೇಲೆ ಗುಂಡು ಹೊರಡುತ್ತದೆ. ಆ ಕ್ಷಣ ಬೆಚ್ಚಿದರೆ ಗುರಿ ತಪ್ಪಿತೆಂದೇ ಲೆಕ್ಕ. ಸದ್ದು ಮುಗಿದ ಮೇಲೂ ಗುರಿಯ ಮೇಲೇ ಕಣ್ಣಿಡಿ. ಬಟ್ಟಲಿನ ಬೆಂಕಿಯನ್ನು ನಳಿಗೆಯೊಳಗೆ ಒಯ್ಯುವ ತೂತಿನಿಂದ ಬೆಂಕಿ ಪಕ್ಕಕ್ಕೂ ಚಿಮ್ಮುವುದರಿಂದ ಬೇರೆಯವರು ಹೊಡೆಯುವಾಗ ಆ ಬದಿ ನಿಲ್ಲಲೇಬಾರದು.

ಎಲ್ಲಕ್ಕಿಂತ ಮುಖ್ಯ: ಬಟ್ಟಲು ಮಾತ್ರ ಉರಿದು ಗುಂಡು ಹಾರದಿದ್ದರೆ ಕೋವಿ ತಿರುಗಿಸಬೇಡಿ. ಒಳಗೆ ಕಿಡಿ ಉಳಿದಿರಬಹುದು. ನಳಿಗೆ ಗುರಿಯತ್ತಲೇ ಇರಲಿ, ಕನಿಷ್ಠ ಒಂದು ನಿಮಿಷ ಕಾಯಿರಿ, ಮೇಲ್ವಿಚಾರಕರನ್ನು ಕೂಗಿ. ಮದ್ದನ್ನೂ ಅದನ್ನು ತುಂಬಿಟ್ಟ ಕೊಂಬಿನಿಂದ ನಳಿಗೆಗೆ ನೇರ ಸುರಿಯದೆ ಅಳತೆಪಾತ್ರೆಯಲ್ಲೇ ಹಾಕಬೇಕು, ಇದೇ ಕಾರಣಕ್ಕೆ.

ಇಲ್ಲಿ ಮಾತ್ರ ಆಸೆಪಟ್ಟು ಕೋವಿ ಮಾಡಿಸಲು ಹೋಗಬೇಡಿ. ಲೈಸೆನ್ಸ್ ಇಲ್ಲದ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ ಗುರಿ ಹೊಡೆದ ದಿನ ತೊಟ್ಟ ಬಟ್ಟೆಯನ್ನು ಒಗೆದೇ ಸೂಟ್‌ಕೇಸಿಗೆ ಹಾಕಿ, ಮದ್ದಿನ ಧೂಳು ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.